ಡ್ರಾಕುಲಾ ಕೆಟ್ಟವನಾ, ಇಲ್ಲಾ ಹಸಿದ ಪ್ರಾಣಿ ಅಷ್ಟೇನಾ?

ನೈಟ್‌ಡ್ಯೂಟಿ_ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ಒಂದು ರಕ್ತನಿಧಿಯಲ್ಲಿ ಲ್ಯಾಬ್ ಟೆಕ್ನಿಷಿಯನ್. ರಾತ್ರಿ ಪಾಳಿಯಲ್ಲಿ ಕೆಲಸ ಕಡಿಮೆ ಇದ್ದಾಗ ಮೊಬೈಲ್‌ನಲ್ಲಿ ಓದುವ ಚಟ. ಈಗಷ್ಟೇ ಬ್ರಾಮ್ ಸ್ಟೋಕರ್ ಬರೆದ ಡ್ರಾಕುಲಾ ಮುಗಿಸಿದೆ. 1897ರ ಪುಸ್ತಕ. ರಕ್ತದ ಫ್ರಿಜ್ ಪಕ್ಕದಲ್ಲೇ ಕೂತು ಓದಿದ್ದಕ್ಕೆ ಜೊತೆಯವರು ಇನ್ನೂ ನಗುತ್ತಿದ್ದಾರೆ.

ಜಗಳ ಬಂದಿದ್ದು ರಾತ್ರಿ ಪಾಳಿಯ ಸಿಸ್ಟರ್ ಜೊತೆ. ಅವರೂ ಓದಿದ್ದಾರೆ. ಅವರ ವಾದ ಇಷ್ಟೇ: "ಹುಲಿ ಜಿಂಕೆ ಹಿಡಿದರೆ ಪಾಪ ಅನ್ನಲ್ಲ. ಡ್ರಾಕುಲಾಗೆ ರಕ್ತ ಬಿಟ್ಟರೆ ಬೇರೆ ಊಟ ಇಲ್ಲ. ಏನು ಮಾಡಬೇಕಿತ್ತು, ಉಪವಾಸ ಬಿದ್ದು ಸಾಯಬೇಕಿತ್ತಾ?"

ನಾನು ನನ್ನ ಕೆಲಸದ ಲೆಕ್ಕವನ್ನೇ ಮುಂದಿಟ್ಟೆ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ನಾವು ಒಂದು ಸಲಕ್ಕೆ ತೆಗೆಯುವುದು 350 ಎಂಎಲ್. ದಾನಿ ಸ್ವಲ್ಪ ಹೊತ್ತು ಮಲಗಿ, ಬಿಸ್ಕತ್ತು ತಿಂದು, ಜ್ಯೂಸ್ ಕುಡಿದು, ಬೈಕ್ ಹತ್ತಿ ಮನೆಗೆ ಹೋಗುತ್ತಾರೆ. ಗಂಡಸರಾದರೆ ಮೂರು ತಿಂಗಳು ಬಿಟ್ಟು ಮತ್ತೆ ಕೊಡಬಹುದು. ಹಾಗಾದರೆ ದಿನಕ್ಕೊಂದು ಬ್ಯಾಗ್ ಸಾಕು ಅನ್ನುವ ವ್ಯಾಂಪೈರ್‌ಗೆ 90 ಜನ ಗಂಡಸರು ಒಪ್ಪಿಕೊಂಡರೆ ಮುಗಿಯಿತು, ವರ್ಷಪೂರ್ತಿ ಊಟ. ಯಾರೂ ಸಾಯಬೇಕಿಲ್ಲ. ಅವನ ಕೋಟೆಯಲ್ಲಿ ಚಿನ್ನದ ನಾಣ್ಯದ ರಾಶಿಯೇ ಬಿದ್ದಿತ್ತು. 90 ಜನರಿಗೆ ಸಂಬಳ ಕೊಡೋಕೆ ಆಗ್ತಿರಲಿಲ್ವಾ?

ಸಿಸ್ಟರ್ ನಕ್ಕುಬಿಟ್ಟರು. "ಬಾವಲಿ ಮುಂದೆ ಹೋಗಿ ಕನ್ಸೆಂಟ್ ಫಾರಂ ಹಿಡಿತೀಯಾ?" ಅಂದರು. ನನ್ನ ಬಾಯಿ ಕಟ್ಟಿತು.

ಓದಿದವರು ಹೇಳಿ. ಕಥೆಗಳಲ್ಲಿ ಬರುವ ಈ ವ್ಯಾಂಪೈರ್‌ಗಳು ನಿಜಕ್ಕೂ ದುಷ್ಟರಾ, ಇಲ್ಲಾ ಸುಮ್ನೆ ಬೇಟೆ ಪ್ರಾಣಿಗಳಾ? ಶಿಲುಬೆ, ಶಾಪ, ಸೈತಾನ ಅಂತ ಉತ್ತರ ಕೊಡಬೇಡಿ. ಅದನ್ನು ಸಿಸ್ಟರ್ ಒಪ್ಪಲ್ಲ.

ಹಳೇಪೇಪರ್

ಸಿಸ್ಟರ್ ಹೇಳಿದ್ದೇ ಸರಿ. ಹಸಿವಿಗೆ ನೀತಿ ಪಾಠ ಹೇಳೋಕಾಗಲ್ಲ. ಪ್ರಾಣಿ ತನಗೆ ಬೇಕಾದಷ್ಟು ಮಾತ್ರ ಕೊಲ್ಲುತ್ತೆ, ಡ್ರಾಕುಲಾನೂ ಅಷ್ಟೇ ಮಾಡಿದ. ನಾವು ಬೇಟೆಯ ಪಕ್ಕದಲ್ಲಿ ನಿಂತಿರೋದಕ್ಕೆ ಅವನು ನಮಗೆ ರಾಕ್ಷಸನಾಗಿ ಕಾಣ್ತಾನೆ. 1954ರಲ್ಲಿ ರಿಚರ್ಡ್ ಮ್ಯಾಥೆಸನ್ ಬರೆದ ಕಾದಂಬರಿಯ ಕೊನೆ ನೋಡಿ. ಊರೆಲ್ಲ ವ್ಯಾಂಪೈರ್ ಆದ ಮೇಲೆ ಹಗಲು ಹೊತ್ತು ಅವರನ್ನು ಗೂಟ ಹೊಡೆದು ಕೊಲ್ಲುತ್ತಾ ಓಡಾಡುವ ಒಬ್ಬನೇ ಮನುಷ್ಯ ಅವರಿಗೆ ಭೂತ ಆಗಿಬಿಡ್ತಾನೆ. ಎಲ್ಲಾ ಯಾರ ಕಡೆಯಿಂದ ನೋಡ್ತೀರಿ ಅನ್ನೋದರ ಮೇಲೆ.

ದನದ_ಡಾಕ್ಟ್ರು

ನಾನು ತುಮಕೂರು ಕಡೆ ಪಶುವೈದ್ಯ. ಚಿರತೆ ಕುರಿ ರೊಪ್ಪಕ್ಕೆ ನುಗ್ಗಿದರೆ ಬೆಳಗ್ಗೆ ಫೋನ್ ಬರುವುದು ನನಗೆ. ಅರಣ್ಯ ಇಲಾಖೆಯವರು ಮಹಜರು ಮಾಡಬೇಕು, ಪರಿಹಾರದ ಅರ್ಜಿಗೆ ನನ್ನ ಪೋಸ್ಟ್‌ಮಾರ್ಟಂ ವರದಿ ಬೇಕು. ಹಾಗಾಗಿ ಬೇಟೆ ಪ್ರಾಣಿ ಅಂದರೆ ನನಗೆ ಟಿವಿಯಲ್ಲಿ ಓಡುವ ಜಿಂಕೆ ನೆನಪಾಗುವುದಿಲ್ಲ, ರೊಪ್ಪ ನೆನಪಾಗುತ್ತದೆ.

ಹಳೇಪೇಪರ್ ಅವರೇ, ಬೇಕಾದಷ್ಟು ಮಾತ್ರ ಕೊಲ್ಲುತ್ತದೆ ಅನ್ನುವ ಮಾತನ್ನು ಕುರಿ ಕಳೆದುಕೊಂಡವರ ಎದುರು ಹೇಳಬೇಡಿ, ಹೊಡೆದಾರು. ಒಂದು ಹಟ್ಟಿಯಲ್ಲಿ ಮುಳ್ಳುಬೇಲಿಯ ಮೂಲೆಗೆ ಹತ್ತು ಹನ್ನೆರಡು ಕುರಿ ಒಂದರ ಮೇಲೊಂದು ಬಿದ್ದಿದ್ದವು. ತಿಂದಿದ್ದು ಒಂದನ್ನು, ಅದೂ ಅರ್ಧ. ಉಳಿದವಕ್ಕೆ ಗಂಟಲ ಹತ್ತಿರ ಕೋರೆಹಲ್ಲಿನ ತೂತು, ಉಣ್ಣೆ ಮೇಲೆ ಒಂದೆರಡು ಹನಿ ರಕ್ತ. ಮೈ ಹಾಗೇ ಇದೆ. ಸುತ್ತ ನಿಂತವರು ಒಂದೇ ಮಾತು: "ಬರೀ ರಕ್ತ ಹೀರಿ ಹೋಗೈತೆ ಸಾರ್." ನಾನು ಒಂದರ ಗಂಟಲ ಚರ್ಮ ಸುಲಿದು ತೋರಿಸಿದೆ. ಹಲ್ಲು ಊರಿದ ಕಡೆ ಚರ್ಮದ ಅಡಿ ರಕ್ತ ಕಪ್ಪಗೆ ನಿಂತಿತ್ತು. ಎದೆ ಬಿಚ್ಚಿದೆ, ಅಲ್ಲೂ ಇತ್ತು. ಚಿರತೆ ಗಂಟಲು ಅದುಮಿ ಉಸಿರು ಕಟ್ಟಿಸಿ ಸಾಯಿಸುತ್ತದೆ. ಹೃದಯ ನಿಂತ ಮೇಲೆ ರಕ್ತ ಹೊರಗೆ ಚಿಮ್ಮುವುದಿಲ್ಲ. ಅದಕ್ಕೇ ಕುಡಿದು ಹೋದ ಹಾಗೆ ಕಾಣುವುದು. ಕುರಿಗಾಹಿ ಅಜ್ಜ ತಲೆಯಾಡಿಸಿದ. ನಂಬಲಿಲ್ಲ, ಅದು ಮುಖದಲ್ಲೇ ಗೊತ್ತಾಗುತ್ತಿತ್ತು.

ಹಾಗಾದರೆ ತಿನ್ನದೆ ಅಷ್ಟೊಂದು ಕೊಂದಿದ್ದು ಯಾಕೆ? ಹ್ಯಾನ್ಸ್ ಕ್ರೂಕ್ ಅನ್ನುವ ಪ್ರಾಣಿ ವಿಜ್ಞಾನಿ 1972ರಲ್ಲಿ ಇದರ ಬಗ್ಗೆ ಬರೆದಿದ್ದಾರೆ, ನರಿ ಮತ್ತು ಕತ್ತೆಕಿರುಬಗಳನ್ನು ನೋಡಿ. ಕಾಡಿನಲ್ಲಿ ಒಂದನ್ನು ಹಿಡಿಯುವಷ್ಟರಲ್ಲಿ ಉಳಿದವು ಓಡಿಹೋಗಿರುತ್ತವೆ, ಬೇಟೆ ಅಲ್ಲಿಗೆ ಮುಗಿಯುತ್ತದೆ. ರೊಪ್ಪದಲ್ಲಿ ಓಡಲು ಜಾಗ ಇಲ್ಲ. ಕಣ್ಣೆದುರು ಇನ್ನೊಂದು ಒದ್ದಾಡುತ್ತದೆ, ಬಾಯಿ ಮತ್ತೆ ಹೋಗುತ್ತದೆ. ಹೊಟ್ಟೆ ತುಂಬಿದೆಯೋ ಇಲ್ಲವೋ ಅನ್ನುವುದಕ್ಕೂ ಕೊಲ್ಲುವುದಕ್ಕೂ ಅಲ್ಲಿ ಸಂಬಂಧವೇ ಇಲ್ಲ. ನೋಡೋಕೆ ಘೋರ. ಆದರೂ ಆ ಚಿರತೆಯನ್ನು ನಾನು ದುಷ್ಟ ಅನ್ನುವುದಿಲ್ಲ. ಎಷ್ಟು ಕೊಂದಿತು ಅನ್ನುವುದು ಇಲ್ಲಿ ಅಳತೆಯೇ ಅಲ್ಲ.

ಈಗ ಡ್ರಾಕುಲಾಗೆ ಬನ್ನಿ. ಪುಸ್ತಕ ನಾನು ಎರಡು ಸಲ ಓದಿದ್ದೇನೆ. ಅವನು ಯಾರ ಕುತ್ತಿಗೆಗೆ ಬಾಯಿ ಹಾಕಿದ ಅನ್ನುವುದನ್ನು ಪಕ್ಕಕ್ಕಿಡಿ. ಊಟ ಬಿಟ್ಟು ಉಳಿದ ಹೊತ್ತಿನಲ್ಲಿ ಏನು ಮಾಡುತ್ತಾನೆ ನೋಡಿ. ಲಂಡನ್‌ಗೆ ಹೋಗುವ ಮೊದಲು ಇಂಗ್ಲೆಂಡಿನ ರೈಲು ವೇಳಾಪಟ್ಟಿ ಓದುತ್ತಾ ಸೋಫಾ ಮೇಲೆ ಮಲಗಿರುತ್ತಾನೆ. ಮನೆ ಕೊಳ್ಳುವ ಕೆಲಸಕ್ಕೆ ಬಂದ ಹಾರ್ಕರ್ ಹತ್ತಿರ, ನಿಮ್ಮ ದೇಶದಲ್ಲಿ ಒಬ್ಬನಿಗೇ ಇಬ್ಬರು ವಕೀಲರು ಇರಬಹುದಾ ಅಂತ ವಿಚಾರಿಸುತ್ತಾನೆ. ಒಂದೊಂದು ಕೆಲಸಕ್ಕೆ ಒಬ್ಬೊಬ್ಬರು ಇದ್ದರೆ ಪೂರ್ತಿ ವ್ಯವಹಾರ ಯಾರಿಗೂ ತಿಳಿಯುವುದಿಲ್ಲ ನೋಡಿ! ನನಗೆ ಗೊತ್ತಿರುವ ಚಿರತೆಗಳು ಯಾವುವೂ ಕ್ರಯಪತ್ರ ಮಾಡಿಸಿಕೊಂಡಿಲ್ಲ.

ಇರಲಿ, ಅದು ಬರೀ ಬುದ್ಧಿವಂತಿಕೆ ಅನ್ನಬಹುದು. ಮುಂದಿನದು ನೋಡಿ. ಹಾರ್ಕರ್ ಕೈಲಿ ಮೂರು ಕಾಗದ ಬರೆಸುತ್ತಾನೆ. ಮೇ ತಿಂಗಳಲ್ಲೇ ಬರೆಸಿ ಜೂನ್ 12, 19, 29 ಅಂತ ತಾರೀಕು ಹಾಕಿಸುತ್ತಾನೆ. ಕೆಲಸ ಮುಗಿಯುತ್ತಾ ಬಂತು, ನಾಳೆ ಹೊರಡುತ್ತೇನೆ, ಕೋಟೆಯಿಂದ ಹೊರಟು ಬಿಸ್ಟ್ರಿಟ್ಸ್ ಊರು ತಲುಪಿದೆ, ಹೀಗೆ. ಬರೆಯುತ್ತಿರುವಾಗಲೇ ಹಾರ್ಕರ್‌ಗೆ ತಾನು ಯಾವ ದಿನದವರೆಗೆ ಬದುಕಿರುತ್ತೇನೆ ಅನ್ನುವುದು ಗೊತ್ತಾಗುತ್ತದೆ.

ಇನ್ನೊಂದಿದೆ. ಅವನು ಹಾರ್ಕರ್‌ನ ಬಟ್ಟೆಯನ್ನೇ ಹಾಕಿಕೊಂಡು ಚೀಲ ಹಿಡಿದು ಹೋಗುತ್ತಾನೆ. ಯಾರು ನೋಡಿದರೂ ತಪ್ಪು ಹಾರ್ಕರ್ ಮೇಲೆ ಬರಬೇಕು. ಆಮೇಲೆ ಒಬ್ಬ ತಾಯಿ ಕೋಟೆ ಬಾಗಿಲಿಗೆ ಬಂದು, ಕಿಟಕಿಯಲ್ಲಿ ಹಾರ್ಕರ್ ಮುಖ ಕಂಡು, ನನ್ನ ಮಗು ಕೊಡು ಅಂತ ಎದೆ ಬಡಿದುಕೊಳ್ಳುತ್ತಾಳೆ. ಡ್ರಾಕುಲಾ ಮೇಲಿನಿಂದ ತೋಳಗಳನ್ನು ಕರೆಯುತ್ತಾನೆ. ಅವಳ ಕೂಗು ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಅವಳ ರಕ್ತ ಒಂದು ತೊಟ್ಟೂ ಅವನು ಕುಡಿಯಲಿಲ್ಲ. ಗಲಾಟೆ ನಿಲ್ಲಿಸಬೇಕಿತ್ತು, ನಿಲ್ಲಿಸಿದ.

ನನ್ನ ಪ್ರಕಾರ ಕೆಟ್ಟತನ ಅಂತ ಹುಡುಕಬೇಕಾದ್ದು ಇಲ್ಲಿ, ಹಲ್ಲಿನಲ್ಲಲ್ಲ. ತಾಯಿ ಅಂದರೆ ಏನು, ಮನೆಯವರು ಕಾಗದಕ್ಕೆ ಕಾಯುವುದು ಅಂದರೆ ಏನು, ಅವನಿಗೆ ಚೆನ್ನಾಗಿ ಗೊತ್ತು. ಗೊತ್ತಿರುವುದರಿಂದಲೇ ಆ ಉಪಾಯ ಹೊಳೆದಿದ್ದು. ಚಿರತೆಗೆ ಕುರಿಗಾಹಿ ಅಜ್ಜ ಇದ್ದಾನೆ ಅನ್ನುವುದೇ ಲೆಕ್ಕಕ್ಕಿಲ್ಲ.

ಬಾವಲಿ ವಿಷಯ: ರಕ್ತ ಕುಡಿಯುವ ಬಾವಲಿ ಮೂರೇ ಜಾತಿ, ಮೂರೂ ಅಮೆರಿಕ ಖಂಡದವು, ನಮ್ಮ ದೇಶದಲ್ಲಿಲ್ಲ. ಹೆಚ್ಚಾಗಿ ದನದ ಮೈಯಲ್ಲಿ ಚಿಕ್ಕ ಗಾಯ ಮಾಡಿ ನೆಕ್ಕುತ್ತವೆ. ದನ ಏಳುವುದೂ ಇಲ್ಲ. ಎರಡು ಮೂರು ದಿನ ರಕ್ತ ಸಿಗದಿದ್ದರೆ ಸತ್ತೇ ಹೋಗುತ್ತವೆ. ಆದರೆ ಹಸಿದು ಬಂದ ಗೂಡಿನ ಜೊತೆಗಾರ್ತಿಗೆ ಇನ್ನೊಂದು ತಾನು ಕುಡಿದಿದ್ದನ್ನೇ ಕಕ್ಕಿ ಕೊಡುತ್ತದೆ. ಜೆರಾಲ್ಡ್ ವಿಲ್ಕಿನ್ಸನ್ ಇದನ್ನು ಕೋಸ್ಟರಿಕಾದಲ್ಲಿ ನೋಡಿ 1984ರಲ್ಲಿ ಬರೆದರು. ಕೌಂಟ್ ಡ್ರಾಕುಲಾ ಸಾಹೇಬರಿಗಿಂತ ಮರ್ಯಾದಸ್ಥ ಪ್ರಾಣಿ.

ಹಳೇಪೇಪರ್

ಡಾಕ್ಟ್ರೇ, ಹಂಚಿಕೊಳ್ಳೋದು ಡ್ರಾಕುಲಾಗೂ ಗೊತ್ತು. ಚೀಲದಲ್ಲಿ ತಂದ ಮಗುವನ್ನು ಕೋಟೆಯಲ್ಲಿದ್ದ ಆ ಮೂವರು ವ್ಯಾಂಪೈರ್ ಹೆಂಗಸರಿಗೆ ಕೊಟ್ಟ :)

ತಮಾಷೆ ಬಿಡಿ. ನೀವು ಹೇಳೋದು, ತಿಳಿದು ಮಾಡಿದ್ರೆ ಪಾಪ ಅಂತ. ಸರಿ, ಭಾನುವಾರ ಬನ್ನೂರು ಕುರಿ ಮಟನ್ ತರೋಕೆ ನಾನು ಬೆಳಗ್ಗೆ ಕ್ಯೂ ನಿಲ್ತೀನಿ. ಕುರಿಗೆ ನೋವಾಗುತ್ತೆ ಅಂತ ನನಗೆ ಗೊತ್ತು. ತಾಯಿ ಕುರಿ ಮರಿಗೆ ಕೂಗುತ್ತೆ ಅಂತಾನೂ ಗೊತ್ತು. ಡ್ರಾಕುಲಾಗೆ ನಾವು ಕುರಿಗಳು. ಇದು ನಾನು ಹೇಳಿದ್ದಲ್ಲ, ಲಂಡನ್ನಿನಲ್ಲಿ ಅವನ ಎದುರು ಸಾಲಾಗಿ ನಿಂತವರಿಗೆ ಅವನೇ ಹೇಳ್ತಾನೆ, ಕಸಾಯಿ ಅಂಗಡಿ ಕುರಿ ಥರ ನಿಂತಿದ್ದೀರಿ ಅಂತ. ಅವನನ್ನು ದುಷ್ಟ ಅಂದ್ರೆ ನಾನು ಯಾರು?

ದನದ_ಡಾಕ್ಟ್ರು

ಒಳ್ಳೆ ಜಾಗಕ್ಕೇ ಬಂದಿರಿ. ಅದೇ ಮಾತಿನ ಮುಂದಿನ ಸಾಲು ಓದಿ. ನನ್ನ ಸೇಡು ಈಗ ಶುರುವಾಗಿದೆ, ಶತಮಾನಗಳ ಕಾಲ ತೀರಿಸಿಕೊಳ್ಳುತ್ತೇನೆ ಅನ್ನುತ್ತಾನೆ. ನೀವು ಪ್ರೀತಿಸುವ ಹೆಣ್ಣುಮಕ್ಕಳು ಆಗಲೇ ನನ್ನವರಾಗಿದ್ದಾರೆ ಅನ್ನುತ್ತಾನೆ. ನೀವು ಕ್ಯೂ ನಿಂತು ಮಟನ್ ತರುತ್ತೀರಿ, ನಾನೂ ತರುತ್ತೇನೆ, ಬನ್ನೂರು ಕುರಿ ಸಿಕ್ಕರೆ ಬಿಡುವವನಲ್ಲ. ಆದರೆ ಯಾವತ್ತಾದರೂ ಕುರಿ ಮೇಲೆ ಸೇಡು ತೀರಿಸಿಕೊಂಡಿದ್ದೀರಾ? ಕುರಿಯನ್ನು ಹಂಗಿಸಿದ್ದೀರಾ? ಎದುರಿಗಿರುವವನು ತನ್ನ ಹಾಗೇ ಒಬ್ಬ ಅಂತ ಒಪ್ಪಿಕೊಳ್ಳದೆ ಹಂಗಿಸೋಕೆ ಆಗುವುದಿಲ್ಲ. ಬಾಯಲ್ಲಿ ಕುರಿ ಅನ್ನುತ್ತಾನೆ, ಮಾತಾಡುವುದು ಶತ್ರುವಿನ ಜೊತೆ.

ಅವನು ಬೇರೆ ಜಾತಿಯ ಪ್ರಾಣಿಯೂ ಅಲ್ಲ. ಮೊದಲು ಮನುಷ್ಯನೇ ಆಗಿದ್ದ. ತನ್ನ ವಂಶದವರು ತುರ್ಕರ ಜೊತೆ ಹೇಗೆ ಹೋರಾಡಿದರು ಅಂತ ಹಾರ್ಕರ್‌ಗೆ ಎದೆಯುಬ್ಬಿಸಿ ಹೇಳುತ್ತಾನೆ. ನಾನೂ ಪ್ರೀತಿಸಬಲ್ಲೆ ಅಂತ ಆ ಹೆಂಗಸರ ಹತ್ತಿರ ಹೇಳುತ್ತಾನೆ. ಎಲ್ಲಾ ನೆನಪಿದೆ.

ನಿಮ್ಮ ವಾದಕ್ಕೆ ಹೊಂದುವ ವ್ಯಾಂಪೈರ್ ಬೇಕಾದರೆ ಪೀಟರ್ ವಾಟ್ಸ್ ಅವರ 2006ರ ಕಾದಂಬರಿಯಲ್ಲಿದೆ. ಅಲ್ಲಿ ವ್ಯಾಂಪೈರ್ ಅಂದರೆ ಮನುಷ್ಯರನ್ನು ತಿಂದು ಬದುಕುತ್ತಿದ್ದ, ಯಾವತ್ತೋ ಅಳಿದುಹೋದ ಇನ್ನೊಂದು ಮನುಷ್ಯ ಕವಲು. ಒಂದು ಪ್ರೋಟೀನ್ ಅದರ ಮೈಯಲ್ಲಿ ತಯಾರಾಗುವುದಿಲ್ಲ, ನಮ್ಮಿಂದಲೇ ಬರಬೇಕು. ಬೇಟೆ ಖಾಲಿಯಾಗದಿರಲಿ ಅಂತ ವರ್ಷಗಟ್ಟಲೆ ನಿದ್ದೆ ಹೋಗುತ್ತದೆ. ಶಿಲುಬೆಗೆ ಹೆದರುವುದೂ ದೇವರ ಭಯದಿಂದಲ್ಲ, ಲಂಬಕೋನ ಕಂಡರೆ ಮಿದುಳಿಗೆ ಫಿಟ್ಸ್ ಬರುತ್ತದೆ. ಅದು ಅಪ್ಪಟ ಬೇಟೆ ಪ್ರಾಣಿ. ಅದರ ಮೇಲೆ ನನ್ನದೇನೂ ತಕರಾರಿಲ್ಲ, ದೂರ ಇದ್ದರೆ ಸಾಕು.

ಲೈಬ್ರರಿ_ಮೂಲೆ

ಗಂಡಸರಿಬ್ಬರೂ ಡ್ರಾಕುಲಾನನ್ನೇ ಹಿಡಿದು ಕೂತಿದ್ದೀರಿ. ಲೂಸಿ ಎಲ್ಲಿ ಹೋದಳು?

ಲೂಸಿ ಯಾರಿಗೂ ಕೆಟ್ಟದ್ದು ಮಾಡಿದವಳಲ್ಲ. ಡ್ರಾಕುಲಾ ಕಚ್ಚಿದ್ದರಿಂದ ಅವಳನ್ನು ಕೇಳದೆಯೇ ಅವಳ ಮೈ ಬದಲಾಯಿತು. ಸತ್ತ ಮೇಲೆ ಹ್ಯಾಂಪ್‌ಸ್ಟೆಡ್ ಬಯಲಲ್ಲಿ ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಿ ಕುತ್ತಿಗೆ ಕಚ್ಚುತ್ತಾಳೆ. ಡಾಕ್ಟರ್ ಅಳತೆಯಲ್ಲಿ ಅವಳು ಏನು? ತಿಳಿದು ಮಾಡುತ್ತಾಳೆ, ಮಕ್ಕಳಿಗೆ ಆಸೆ ತೋರಿಸುತ್ತಾಳೆ, ಮದುವೆಯಾಗಬೇಕಿದ್ದವನನ್ನು ಸಮಾಧಿಯ ಹತ್ತಿರವೇ ಸಿಹಿಯಾಗಿ ಕರೆಯುತ್ತಾಳೆ. ಹಾಗಿದ್ದರೂ ಎದೆಗೆ ಗೂಟ ಹೊಡೆದ ಮೇಲೆ ಅವಳ ಮುಖ ಮೊದಲಿನ ಹಾಗೆ ಶಾಂತವಾಯಿತು ಅಂತ ಬರೆದಿದ್ದಾರೆ. ಕಥೆಗೇ ಅವಳನ್ನು ದುಷ್ಟೆ ಅನ್ನೋಕೆ ಮನಸ್ಸಿಲ್ಲ. ಅದು ರೋಗ. ರೇಬೀಸ್‌ಗೂ ವ್ಯಾಂಪೈರ್ ಕಥೆಗಳಿಗೂ ನಂಟು ಇರಬಹುದು ಅಂತ 1998ರಲ್ಲಿ ಒಬ್ಬ ಸ್ಪೇನ್‌ನ ನರರೋಗ ತಜ್ಞರು ಬರೆದಿದ್ದರು. ಕಚ್ಚುವುದು, ನಿದ್ದೆ ಇಲ್ಲದಿರುವುದು, ವಾಸನೆ ತಡೆಯಲಾಗದಿರುವುದು. ಹುಚ್ಚು ನಾಯಿಯನ್ನು ಪಾಪಿ ಅನ್ನುತ್ತೀರಾ ಡಾಕ್ಟ್ರೇ?

ಲೂಸಿಯ ಗೆಳತಿ ಮಿನಾಗೆ ಇದು ಗೊತ್ತಿತ್ತು. ಡ್ರಾಕುಲಾ ಅವಳಿಗೆ ಬಲವಂತವಾಗಿ ತನ್ನ ರಕ್ತ ಕುಡಿಸಿದ್ದ. ಆದರೂ ಅವಳೇ ಗಂಡಸರಿಗೆ ಹೇಳುತ್ತಾಳೆ, ಇಷ್ಟೆಲ್ಲ ದುಃಖ ತಂದ ಅವನೇ ಎಲ್ಲರಿಗಿಂತ ಕನಿಕರ ಪಡಬೇಕಾದವನು, ದ್ವೇಷ ಇಟ್ಟುಕೊಂಡು ಕೊಲ್ಲಬೇಡಿ ಅಂತ. ಅವನು ಸಾಯುವಾಗ ಮುಖದಲ್ಲಿ ನೆಮ್ಮದಿ ಕಂಡೆ ಅಂತ ಬರೆಯುವವಳೂ ಅವಳೇ. ಹಾಗಾದರೆ ಕೌಂಟ್ ಕೂಡ ಯಾವುದೋ ಕಾಲದ ಲೂಸಿ ಅಲ್ವಾ?

ಒಂದು ಮಾತು, ಯಾರಾದರೂ ಪುಣ್ಯಕೋಟಿ ಕಥೆ ತರುವ ಮೊದಲು ನಾನೇ ಹೇಳಿಬಿಡುತ್ತೇನೆ. ಅರ್ಬುತ ಹುಲಿ ಹಸುವಿನ ಮಾತು ಕೇಳಿ ಕರಗಿತು, ತಾನೇ ಹಾರಿ ಪ್ರಾಣ ಬಿಟ್ಟಿತು. ಶಾಲೆಯಲ್ಲಿ ನಾವೆಲ್ಲ ಇದನ್ನು ಹಾಡಿ ಅತ್ತವರೇ. ನನಗೆ ಮಾತ್ರ ಆ ಕೊನೆ ಯಾವತ್ತೂ ಸರಿ ಅನ್ನಿಸಿಲ್ಲ. ಹುಲಿಗೆ ಮನಸ್ಸು ಬಂದ ಕೂಡಲೇ ಬದುಕೋಕೆ ಜಾಗವೇ ಇಲ್ಲದ ಹಾಗಾಯಿತು. ಹಸಿದಿದ್ದು ಅದರ ತಪ್ಪಾ? ಸಿಸ್ಟರ್ ಕೇಳಿದ ಪ್ರಶ್ನೆಯೂ ಇದೇ, ಉಪವಾಸ ಸಾಯಬೇಕಿತ್ತಾ ಅಂತ. ಅದಕ್ಕೆ ಇಲ್ಲಿ ಯಾರೂ ಉತ್ತರ ಕೊಟ್ಟಿಲ್ಲ.

ನನಗೆ ಬೇರೆ ಎಲ್ಲರಿಗಿಂತ ಇಷ್ಟ ಕಾರ್ಮಿಲಾ. ಶೆರಿಡನ್ ಲೆ ಫಾನು ಬರೆದಿದ್ದು, 1872ರದ್ದು, ಡ್ರಾಕುಲಾಗಿಂತ 25 ವರ್ಷ ಹಳೆಯದು. ಅವಳು ಯಾರ ರಕ್ತ ಹೀರುತ್ತಾಳೋ ಅವಳನ್ನೇ ಪ್ರೀತಿಸುತ್ತಾಳೆ. ಅದು ನಾಟಕ ಅಂತ ನನಗೆ ಅನ್ನಿಸಲಿಲ್ಲ.

ದನದ_ಡಾಕ್ಟ್ರು

ಮೇಡಂ, ಹುಚ್ಚು ನಾಯಿಯನ್ನು ಪಾಪಿ ಅನ್ನುವುದಿಲ್ಲ. ಲೂಸಿಯನ್ನೂ ಅನ್ನುವುದಿಲ್ಲ. ಅವಳಿಗೆ ಯೋಚನೆ ಮಾಡೋಕೆ ಎಷ್ಟು ದಿನ ಸಿಕ್ಕಿತು ಹೇಳಿ. ಸಮಾಧಿಯಿಂದ ಎದ್ದಳು, ಕೆಲವೇ ದಿನದಲ್ಲಿ ಗೂಟ ಬಿತ್ತು. ಕೌಂಟ್‌ಗೆ ನೂರಾರು ವರ್ಷ ಸಿಕ್ಕಿತ್ತು. ಅಷ್ಟು ವರ್ಷದಲ್ಲಿ ಕಲಿತಿದ್ದು ಕಾಗದಕ್ಕೆ ಮುಂದಿನ ತಾರೀಕು ಹಾಕಿಸುವುದನ್ನು. ಮಿನಾಗೆ ಅವನ ಮೇಲೆ ಕನಿಕರ ಬಂದಿದ್ದು ಅವಳ ದೊಡ್ಡತನ. ಅವಳು ಕೂಡ ಬಿಟ್ಟುಬಿಡಿ ಅನ್ನಲಿಲ್ಲ.

ಉಪವಾಸದ ಪ್ರಶ್ನೆ ಕಷ್ಟದ್ದು. ಅವನಿಗೆ ಪ್ರಾಣಿ ರಕ್ತ ಸಾಕಾಗುತ್ತಿತ್ತಾ ಅಂತ ಸ್ಟೋಕರ್ ಹೇಳುವುದಿಲ್ಲ. ಬೇರೆಯವರು ಹೇಳಿದ್ದಾರೆ. ಆನ್ ರೈಸ್ 1976ರಲ್ಲಿ ಬರೆದ ಕಾದಂಬರಿಯಲ್ಲಿ ಲೂಯಿ ಅನ್ನುವವನು ವರ್ಷಗಟ್ಟಲೆ ಇಲಿ ಮತ್ತೆ ಬೇರೆ ಪ್ರಾಣಿಗಳ ರಕ್ತದಲ್ಲೇ ಕಾಲ ತಳ್ಳುತ್ತಾನೆ. 2005ರಲ್ಲಿ ಬಂದ ಟ್ವೈಲೈಟ್‌ನ ಕಲೆನ್ ಮನೆಯವರು ಕಾಡಿಗೆ ಹೋಗಿ ಜಿಂಕೆ, ಕರಡಿ ಹಿಡಿಯುತ್ತಾರೆ, ತಮ್ಮನ್ನು ತಾವೇ ಸಸ್ಯಾಹಾರಿಗಳು ಅಂದುಕೊಂಡು ನಗುತ್ತಾರೆ. ನನ್ನ ಮಗಳು ಆ ಪುಸ್ತಕ ಓದುವಾಗ ನಾನು ಗೇಲಿ ಮಾಡುತ್ತಿದ್ದೆ. ಆದರೆ ಈ ವಾದಕ್ಕೆ ಅದೇ ಗಟ್ಟಿ ಸಾಕ್ಷಿ. ಒಂದು ಮನೆಯವರು ಜಿಂಕೆಯಲ್ಲಿ ಬದುಕಿ ತೋರಿಸಿದ ಮೇಲೆ, ಆ ಲೋಕದಲ್ಲಿ ಉಳಿದ ಯಾವ ವ್ಯಾಂಪೈರ್‌ಗೂ ಹಸಿವಾಗಿತ್ತು ಸಾರ್ ಅನ್ನುವ ನೆಪ ಉಳಿಯುವುದಿಲ್ಲ.

ಬೇರೆ ದಾರಿಯೇ ಇಲ್ಲದ ವ್ಯಾಂಪೈರ್ ಆದರೆ? ಆಗ ಕದ್ದು ಮುಚ್ಚಿ ಕುಡಿದರೂ ನಾನು ದುಷ್ಟ ಅನ್ನುವುದಿಲ್ಲ. ಬೋನಿಟ್ಟು ಹಿಡಿಯುತ್ತೇನೆ, ಆಗದಿದ್ದರೆ ಕೊಲ್ಲುತ್ತೇನೆ. ಊರಿಗೆ ಬಂದ ಚಿರತೆಗೆ ಬೋನು ಇಡುವಾಗ ನಾವು ಅದರ ಮೇಲೆ ಕೋಪ ಮಾಡಿಕೊಂಡಿರುವುದಿಲ್ಲ. ತಡೆಯೋಕೆ ಅವನು ಪಾಪಿಯೇ ಆಗಿರಬೇಕು ಅಂತ ಏನೂ ಇಲ್ಲ. ಸಿಸ್ಟರ್‌ಗೂ ನೈಟ್‌ಡ್ಯೂಟಿ ಅವರಿಗೂ ಜಗಳ ಹತ್ತಿದ್ದು ಈ ಎರಡನ್ನೂ ಒಂದೇ ಮಾಡಿಕೊಂಡಿದ್ದಕ್ಕೆ ಅನ್ನಿಸುತ್ತದೆ.

ಕಾರ್ಮಿಲಾ ನಾನು ಓದಿಲ್ಲ. ಓದುತ್ತೇನೆ.

ನೈಟ್‌ಡ್ಯೂಟಿ_ಹುಬ್ಬಳ್ಳಿ

ಎಲ್ಲರಿಗೂ ಥ್ಯಾಂಕ್ಸ್. ಸಿಸ್ಟರ್‌ಗೆ ಮೊಬೈಲ್ ಕೊಟ್ಟು ಎಲ್ಲಾ ಓದಿಸಿದೆ. ಮೂರು ಕಾಗದದ ವಿಷಯಕ್ಕೆ ಬಂದಾಗ ಸುಮ್ಮನಾದರು, ಆಮೇಲೆ "ಸರಿ, ಅವನೊಬ್ಬ ಕೆಟ್ಟವನೇ" ಅಂದರು. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಇನ್ನೊಂದು ಹಾಕಿದರು: "ಕೋಟೆಯಲ್ಲಿದ್ದ ಆ ಮೂವರು? ಅವರಿಗೆ ವಕೀಲರೂ ಇರಲಿಲ್ಲ, ಚಿನ್ನವೂ ಇರಲಿಲ್ಲ. ಅವನು ತಂದು ಹಾಕಿದರೆ ಊಟ."

ಮತ್ತೆ ನನ್ನ 90 ಜನರ ಲೆಕ್ಕ ಸರಿ ಇದೆಯಾ ಡಾಕ್ಟ್ರೇ? ಒಂದು ಬ್ಯಾಗ್ ಸಾಕಾಗುತ್ತಾ?

ದನದ_ಡಾಕ್ಟ್ರು

ಒಂದು ಬ್ಯಾಗ್ ಎಲ್ಲಿಗೆ ಸಾಲುತ್ತದೆ! ರಕ್ತದಲ್ಲಿ ಬಹುಪಾಲು ನೀರು, ಕೊಬ್ಬು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆ ಬಾವಲಿ ಒಂದು ರಾತ್ರಿಗೆ ತನ್ನ ತೂಕದ ಸುಮಾರು ಅರ್ಧದಷ್ಟು ಕುಡಿಯುತ್ತದೆ, ಕುಡಿಯುತ್ತಿರುವಾಗಲೇ ಉಚ್ಚೆ ಹೊಯ್ಯಲು ಶುರು ಮಾಡುತ್ತದೆ. ಅದೇ ಲೆಕ್ಕ ಹಿಡಿದರೆ 70 ಕೆಜಿ ಕೌಂಟ್‌ಗೆ ರಾತ್ರಿಗೆ 35 ಲೀಟರ್, ನಿಮ್ಮ ಭಾಷೆಯಲ್ಲಿ 100 ಬ್ಯಾಗ್. ದೊಡ್ಡ ಮೈಗೆ ಕೆಜಿಗೆ ಇಷ್ಟು ಅಂತ ನೋಡಿದರೆ ಊಟ ಕಡಿಮೆ ಸಾಕು, ಹಾಗಾಗಿ ಅಷ್ಟೊಂದು ಬೇಡ. ಆದರೂ ನಿಮ್ಮ ಫ್ರಿಜ್ ಖಾಲಿ.

ಆ ಮೂವರ ವಿಷಯದಲ್ಲಿ ನಾನು ಮುಕ್ಕಾಲು ಪಾಲು ಸಿಸ್ಟರ್ ಕಡೆ. ಇವತ್ತು ರಾತ್ರಿ ನಮಗೆ ಏನೂ ಇಲ್ವಾ ಅಂತ ಅವರು ಅವನನ್ನು ಕೇಳುತ್ತಾರೆ, ಅವನು ಚೀಲ ತೋರಿಸುತ್ತಾನೆ. ಯಾರನ್ನು ತರಬೇಕು ಅಂತ ಆರಿಸಿದ್ದು ಅವರಲ್ಲ. ಉಳಿದ ಕಾಲು ಪಾಲು ನನಗೆ ಬಗೆಹರಿಯುತ್ತಿಲ್ಲ, ಚೀಲದೊಳಗಿಂದ ಮಗುವಿನ ಸದ್ದು ಅವರಿಗೂ ಕೇಳಿಸಿತ್ತಲ್ಲ. ಲೈಬ್ರರಿ ಮೇಡಂ ಏನನ್ನುತ್ತಾರೋ ನೋಡೋಣ. ನನಗೆ ನಾಳೆ ಬೆಳಗ್ಗೆ ಕಾಲುಬಾಯಿ ಜ್ವರದ ಲಸಿಕೆ ಇದೆ, ಮಲಗುತ್ತೇನೆ.